ಐದು ಊರುಗಳಲ್ಲಿ ಒಬ್ಬಳನ್ನು ಹುಡುಕುತ್ತ

ಹೊಸಪೇಟೆಯಲ್ಲಿ ಕೂಡ್ಲಿಗಿ ಬಸ್ಸು ಹತ್ತಿದಾಗ ಬೆಳಗಿನ ಒಂಬತ್ತಕ್ಕೇ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಮಾರ್ಚ್ ತಿಂಗಳ ಕೊನೆ. ಕಂಡಕ್ಟರ್ ಬಂದು, "ಆಧಾರ್ ತೋರಿಸ್ರಿ ಸಿಸ್ಟರ್" ಅಂದ. ನನ್ನ ಹತ್ತಿರ ಪಾಸ್‌ಪೋರ್ಟ್ ಒಂದೇ ಇತ್ತು. ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ.

"ಇದು ನಡ್ಯಂಗಿಲ್ರಿ. ನಮ್ಮ ರಾಜ್ಯದ ಹೆಣ್ಮಕ್ಕಳಿಗಷ್ಟ ಫ್ರೀ."

"ನಾನೂ ಇಲ್ಲಿಯಾಕಿನಪ್ಪ. ಗುಡೇಕೋಟೆ ಕಡಿಯಾಕಿ."

"ಮಾತು ಕೇಳಿದ್ರ ಗೊತ್ತಾಗತೈತ್ರಿ. ಆದ್ರ ನಾ ಮಷಿನ್‌ಗೆ ಏನಂತ ಹೇಳ್ಲಿ?"

ಅರವತ್ತು ಚಿಲ್ಲರೆ ರೂಪಾಯಿ ಕೊಟ್ಟು ಟಿಕೆಟ್ ತೆಗೆದುಕೊಂಡೆ. ಆ ಬಸ್ಸಿನಲ್ಲಿ ದುಡ್ಡು ಕೊಟ್ಟು ಕೂತ ಹೆಂಗಸು ನಾನೊಬ್ಬಳೇ ಇರಬೇಕು.

ನಾನು ಕ್ರೈಸ್ತ ಸಭೆಯೊಂದರ ಕನ್ಯಾಸ್ತ್ರೀ, ಕಲಿತದ್ದು ನರ್ಸಿಂಗ್. ತಾಂಜಾನಿಯಾದ ಪಶ್ಚಿಮಕ್ಕೆ, ಕಾಡಂಚಿನ ಹಳ್ಳಿಯಲ್ಲಿ ನಮ್ಮ ಸಭೆಯ ಸಣ್ಣ ಆಸ್ಪತ್ರೆಯಿದೆ. ಹದಿನೆಂಟು ವರ್ಷ ಅಲ್ಲಿ ಹೆರಿಗೆ ಮಾಡಿಸುತ್ತ ಬದುಕಿದ್ದೇನೆ. ಮೊದಲು ಮೂವರಿದ್ದೆವು. ಮಂಗಳೂರಿನ ಹಿರಿಯ ಸಿಸ್ಟರ್ ಮೊಣಕಾಲು ನೋವಿಗೆ ಊರಿಗೆ ಮರಳಿದರು. ಹಡಗಲಿಯ ರೀಟಾ ಅಲ್ಲೇ ತೀರಿಕೊಂಡಳು. ಉಳಿದವಳು ನಾನು. ಈ ಸಲ ಎರಡು ತಿಂಗಳ ರಜೆಗೆ ಬಂದಾಗ ನಮ್ಮ ಸಭೆಯ ಮುಖ್ಯಸ್ಥೆ ಮದರ್ ಬೆಂಗಳೂರಿನಲ್ಲಿ ಕೂಡಿಸಿಕೊಂಡು ಹೇಳಿದರು: "ಜೂನ್ ಒಳಗೆ ಇನ್ನೊಬ್ಬಳು ಸಿಗದಿದ್ದರೆ ಹೆರಿಗೆ ವಾರ್ಡು ಮುಚ್ಚಬೇಕಾಗುತ್ತದೆ. ಕನ್ಯಾಸ್ತ್ರೀಯೇ ಆಗಬೇಕೆಂದಿಲ್ಲ. ನರ್ಸಿಂಗ್ ಕಲಿತು, ಮೂರು ವರ್ಷ ಸೇವೆಗೆ ಬರುವ ಹುಡುಗಿಯಾದರೂ ಸಾಕು. ನಿಮ್ಮ ಕಡೆ ಕೇಳಿ ನೋಡಿ." ಹೀಗೆ ನಮ್ಮ ಸೀಮೆಯ ಐದು ಊರು ಸುತ್ತಲು ಹೊರಟಿದ್ದೆ.

ಕೂಡ್ಲಿಗಿಯಲ್ಲಿ ನನ್ನ ಅಣ್ಣ ಜೋಜಪ್ಪನಿದ್ದಾನೆ, ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಅವನ ಮಗಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಳೆಂದು ಫೋನಿನಲ್ಲಿ ಕೇಳಿದ್ದೆ. ಮನೆಗೆ ಹೋದಾಗ ಅವಳು ಇರಲಿಲ್ಲ. ಅತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಎರಡು ರೊಟ್ಟಿ ಮುಗಿಸಿ ಅಣ್ಣ ಅಂದ:

"ಪಿಲ್ಲಮ್ಮ, ನೀ ಯಾಕ ಬಂದೀ ಅಂತ ನಂಗ ಗೊತ್ತೈತಿ. ಮಗಳನ್ನ ಸೋದರಮಾವನ ಮನಿಗೆ ಕಳಿಸೀನಿ."

"ನಾನಿನ್ನೂ ಕೇಳೇ ಇಲ್ಲಲ್ಲೋ ಅಣ್ಣ."

"ಕೇಳಬ್ಯಾಡ ಅಂತನ ಕಳಿಸಿದ್ದು." ಅವನು ತಟ್ಟೆಯಲ್ಲೇ ಕೈ ತೊಳೆದ. "ಅಲ್ಲಿ ಎಷ್ಟು ಮಂದಿನ್ನ ಉಳಿಸಿರಬೇಕು ನೀನು?"

"ಲೆಕ್ಕ ಇಟ್ಟಿಲ್ಲ."

"ಇಲ್ಲಿ ಒಬ್ಬಾಕಿ ಇದ್ಲು."

ಅವ್ವನನ್ನು ಕುರಿತು ಆಡಿದ ಮಾತದು. ಅವ್ವ ಹಾಸಿಗೆ ಹಿಡಿದ ಸುದ್ದಿ ಬಂದಾಗ ಅಲ್ಲಿ ಮಳೆಗಾಲ, ರೀಟಾ ಸತ್ತು ಒಂದು ತಿಂಗಳೂ ಆಗಿರಲಿಲ್ಲ, ವಾರ್ಡಿನಲ್ಲಿ ನಾನೊಬ್ಬಳೇ ಇದ್ದೆ, ಬರಲಾಗಲಿಲ್ಲ. ಅಣ್ಣನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಹೇಳಿದ. ಗೋಡೆಯ ಮೇಲೆ ಅವ್ವನ ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ಸಾಯಂಕಾಲ ಅವನೇ ಚರ್ಚಿನ ಹಿಂದಿನ ಸಮಾಧಿ ಭೂಮಿಗೆ ಬೈಕಿನಲ್ಲಿ ಕರೆದುಕೊಂಡು ಹೋಗಿ, ನಾನು ಪ್ರಾರ್ಥನೆ ಮಾಡುವಷ್ಟು ಹೊತ್ತು ಬೇಲಿಯ ಆಚೆ ನಿಂತಿದ್ದ.

ಮರುದಿನ ಕೊಟ್ಟೂರು. ದಾರಿಯ ಎರಡೂ ಕಡೆ ಮೆಕ್ಕೆಜೋಳ ಮುರಿದ ಬೋಳು ಹೊಲಗಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಹೇಳಿ ಕೂತೆ. ಪಕ್ಕದ ಬೆಂಚಿನವನೊಬ್ಬ ನನ್ನ ಉಡುಪನ್ನು ನೋಡುತ್ತಲೇ ಇದ್ದು, ಕೊನೆಗೆ ಕೇಳಿದ, "ಮಂದಿನ್ನ ನಿಮ್ಮ ಧರ್ಮಕ್ಕ ಸೇರಿಸಾಕ ಬಂದೀರೇನ್ರಿ?"

"ಇಲ್ರಿ. ನಮ್ಮೋರನ್ನ ಇಲ್ಲಿಂದ ಕರಕೊಂಡು ಹೋಗಾಕ ಬಂದೀನಿ. ಆಫ್ರಿಕಾಕ್ಕ."

"ಅಲ್ಲಿಗ್ಯಾಕ?"

"ಹೆರಿಗಿ ಮಾಡ್ಸಾಕ."

"ಅಲ್ಲಿ ಸೂಲಗಿತ್ತೇರು ಇಲ್ಲೇನ್ರಿ?" ಅಂದ. ಹಂಗಿಸುವ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ದನಿ. ಇದೇ ಪ್ರಶ್ನೆಯನ್ನು ಅಲ್ಲಿಯ ಮುದುಕರೂ ಮೊದಲ ವರ್ಷ ನನಗೆ ಕೇಳಿದ್ದರು. ನೀನು ಯಾಕೆ ಬಂದೆ, ನಿಮ್ಮೂರಿನಲ್ಲಿ ಕೆಲಸವಿರಲಿಲ್ಲವೇ, ಗಂಡ ಬಿಟ್ಟನೇ ಎಂದು. ಅಲ್ಲೂ ಇಲ್ಲೂ ಒಂದೇ ಸಂಶಯ. ಕೊಟ್ಟೂರಿನಲ್ಲಿ ನಮ್ಮವರ ಮನೆಗಳು ಕೆಲವೇ. ಒಂದು ಮನೆಯಲ್ಲಿ ನರ್ಸ್ ಹುಡುಗಿಯಿದ್ದಳು, ಅವಳಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು. ಪೇಡಾ ಕೊಟ್ಟು ಕಳಿಸಿದರು.

ಹಗರಿಬೊಮ್ಮನಹಳ್ಳಿಗೆ ಭಾನುವಾರ ತಲುಪಿದೆ. ಚರ್ಚಿನಲ್ಲಿ ಪೂಜೆಯ ನಂತರ ಗುರುಗಳು ನನಗೆ ಮಾತಾಡಲು ಹತ್ತು ನಿಮಿಷ ಕೊಟ್ಟರು. ಫ್ಯಾನ್ ತಿರುಗುತ್ತಿದ್ದರೂ ಮಕ್ಕಳು ಬೆವರಿ ಅಳುತ್ತಿದ್ದವು. ನಾನು ಸಂತೋಷಗಳನ್ನೇ ಮೊದಲು ಹೇಳಿದೆ. ಅಲ್ಲಿಯ ಉಗಾಲಿ ನಮ್ಮ ಮುದ್ದೆಯಂತೆಯೇ ಇರುತ್ತದೆ, ಬಣ್ಣ ಮಾತ್ರ ಬಿಳಿ. ಬಸುರಿಯನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಗಂಡಂದಿರು ಹನ್ನೆರಡು ಮೈಲಿ ತಳ್ಳಿಕೊಂಡು ಬರುತ್ತಾರೆ. ಮಗು ಅತ್ತ ಕೂಡಲೇ ಹೊರಗೆ ಕಾದ ಹೆಂಗಸರು ನಾಲಿಗೆ ಆಡಿಸುತ್ತ ಹಾಕುವ ಕೇಕೆ ಕೇಳಿದರೆ ಎರಡು ದಿನದ ನಿದ್ದೆಗೇಡು ಮರೆತುಹೋಗುತ್ತದೆ. ಯಾರಿಗೆ ನೋವಾದರೂ ಅಲ್ಲಿಯವರು "ಪೋಲೆ" ಅನ್ನುತ್ತಾರೆ. ಕಲ್ಲು ಎಡವಿದವರಿಗೂ ಅದೇ ಮಾತು, ಮಗುವನ್ನು ಮಣ್ಣು ಮಾಡಿ ಬಂದವರಿಗೂ ಅದೇ. ನಿನ್ನ ನೋವು ನನಗೂ ತಟ್ಟಿತು ಎಂದು ಅದರ ಅರ್ಥ.

ಎಲ್ಲರೂ ಚೆನ್ನಾಗಿ ಕೇಳಿದರು. ಹೊರಗೆ ಬಂದ ಮೇಲೆ ನರ್ಸಿಂಗ್ ಓದಿದ ಹುಡುಗಿಯೊಬ್ಬಳ ತಂದೆ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಿ ಮೂರು ವರ್ಷ ಮಾಡಿದ್ರ ಆಮ್ಯಾಲೆ ಇಟಲಿಗೆ ಹೋಗಾಕ ಬರತೈತೇನ್ರಿ ಸಿಸ್ಟರ್?" ಅಂದರು. ಬರುವುದಿಲ್ಲ ಅಂದೆ. "ಹಂಗಾದ್ರ ಪಗಾರ ಹೆಂಗ?" ಊಟ, ವಸತಿ, ಕೈಖರ್ಚು ಅಂದೆ. ಅವರು ಪಾಪ, ಮುಜುಗರಪಟ್ಟುಕೊಂಡು ಕೈಮುಗಿದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳನ್ನು ಓದಿಸಲು ಅವರು ಪಟ್ಟ ಕಷ್ಟ ಅವರ ಚಪ್ಪಲಿ ನೋಡಿದರೆ ತಿಳಿಯುತ್ತಿತ್ತು.

ಹಡಗಲಿಗೆ ಹೋಗುವ ಬಸ್ಸಿನಲ್ಲಿ ನನಗೆ ಹೆದರಿಕೆಯಾಗುತ್ತಿತ್ತು. ಅಲ್ಲಿ ರೀಟಾಳ ತಾಯಿ ಮರಿಯಮ್ಮ ಇದ್ದಾರೆ. ರೀಟಾ ಸತ್ತ ಮೇಲೆ ಫೋನಿನಲ್ಲಿ ಮಾತಾಡಿದ್ದೆ, ಮುಖ ನೋಡಿರಲಿಲ್ಲ. ಊರಿನ ಹೊರಗಿನ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವುದು ಅವರ ಕೆಲಸ. ನಾನು ಹೋದಾಗ ಅಂಗಳದಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಹರವಿಕೊಂಡು ಹೂ ಕಟ್ಟುತ್ತಿದ್ದರು. ಎದ್ದು ನಿಂತು ನನ್ನ ಎರಡೂ ಕೈ ಹಿಡಿದರು. ಅಳಲಿಲ್ಲ. ನೀರು ಕೊಟ್ಟರು.

"ಮಣ್ಣು ಎಂಥದೈತಿ ಅಲ್ಲಿ?"

"ಕೆಂಪು ಮಣ್ಣು ಅಮ್ಮ. ಕೂಡ್ಲಿಗಿ ಕಡೆ ಇದ್ದಂಗ."

"ಆಕಿ ಕಡೀಕ ಏನಂದ್ಲು?"

ಈ ಪ್ರಶ್ನೆಗೇ ನಾನು ಹೆದರಿದ್ದೆ. ರೀಟಾಳಿಗೆ ಮಲೇರಿಯಾ ಮೆದುಳಿಗೆ ಏರಿದ ದಿನ ನಾನು ಆಸ್ಪತ್ರೆಯಲ್ಲಿರಲಿಲ್ಲ. ಅಡ್ಡಲಾಗಿ ನಿಂತ ಕೂಸಿನ ಒಬ್ಬ ಬಸುರಿಯನ್ನು ನಮ್ಮ ಒಂದೇ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದಿದ್ದೆ. ಬೆಳಿಗ್ಗೆ ಹೊರಡುವಾಗ ರೀಟಾಳಿಗೆ ಬರೀ ಮೈ ಬಿಸಿ ಇತ್ತು. ಅವಳೇ ಜೀಪಿನ ಬಾಗಿಲು ಹಾಕಿ, ಹೋಗಿ ಬಾ ಅಂದಿದ್ದಳು. ಮಳೆಗೆ ಸೇತುವೆ ಮುಳುಗಿ ನಾನು ಮರಳುವುದು ಮೂರು ದಿನ ತಡವಾಯಿತು. ಆ ಬಸುರಿಯೂ ಮಗುವೂ ಉಳಿದರು. ರೀಟಾಳ ಹತ್ತಿರ ಕೊನೆಯವರೆಗೂ ಇದ್ದವಳು ಅಲ್ಲಿಯವಳೇ ಆದ ಆಯಾ ನೇಮಾ. ಬಹಳ ಮಾತಾಡಿದಳು, ಜ್ವರದಲ್ಲಿ ಗಂಟೆಗಟ್ಟಲೆ ಮಾತಾಡಿದಳು, ನಿಮ್ಮ ಭಾಷೆಯಲ್ಲಿ, ಎಂದು ನೇಮಾ ಹೇಳಿದಳು. ಒಂದು ಶಬ್ದವೂ ಅವಳಿಗೆ ನೆನಪಿಟ್ಟುಕೊಳ್ಳಲಾಗಲಿಲ್ಲ.

ಸುಳ್ಳು ಹೇಳಬಹುದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮರಿಯಮ್ಮ ಬಹಳ ಹೊತ್ತು ಹೂ ಕಟ್ಟಿದರು. "ಅಂದ್ರ ಆಕಿ ಮಾತಾಡ್ಯಾಳ. ಯಾರಿಗೂ ತಿಳಿದಿಲ್ಲ."

"ಹೌದಮ್ಮ."

"ನನ್ನ ಕರದಿರಬೇಕು."

ಪೋಲೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಕನ್ನಡದಲ್ಲಿ ಏನು ಹೇಳಬೇಕೋ ತಿಳಿಯಲಿಲ್ಲ. ಹೊರಡುವಾಗ ಅವರು ಕೇಳಿದರು, "ಈಗ ಇನ್ನೊಬ್ಬಾಕಿನ್ನ ಹುಡುಕಾಕ ಬಂದೀಯಂತ ಹೌದೇನವ್ವ?"

"ಹೌದು."

"ಸಿಕ್ಕಾಳೇನು?"

"ಇನ್ನೂ ಇಲ್ಲ."

ಅವರು ತಲೆಯಾಡಿಸಿದರು. ಯಾವುದಕ್ಕೆ ತಲೆಯಾಡಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಡಗಲಿಯಿಂದ ಹರಪನಹಳ್ಳಿಗೆ ಒಂದು ಗಂಟೆ ಚಿಲ್ಲರೆಯ ದಾರಿ. ಅಲ್ಲಿ ಗುರುಗಳು ಒಬ್ಬ ಹುಡುಗಿಯನ್ನು ಕರೆಸಿದ್ದರು. ಹೆಸರು ಸ್ಟೆಲ್ಲಾ. ದಾವಣಗೆರೆಯಲ್ಲಿ ನರ್ಸಿಂಗ್ ಮುಗಿಸಿ ಅಲ್ಲೇ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಎತ್ತರದ ಹುಡುಗಿ, ನೇರ ನೋಟ. ಜೊತೆಗೆ ತಾಯಿ ಲೂರ್ದಮ್ಮ, ಬ್ಲೌಸು ಹೊಲಿಯುವವರು. ತಂದೆ ಇಲ್ಲ. ಒಬ್ಬಳೇ ಮಗಳು.

ನಾನು ಬಾಯಿ ತೆರೆಯುವ ಮೊದಲೇ ಸ್ಟೆಲ್ಲಾ ಹೇಳಿದಳು, "ನಾನು ಬರ್ತೀನಿ ಸಿಸ್ಟರ್. ಗುರುಗಳು ಎಲ್ಲ ಹೇಳಿದಾರೆ. ನನಗೆ ಹೆರಿಗೆ ವಾರ್ಡೇ ಇಷ್ಟ."

"ಯಾಕೆ ಬರಬೇಕು ಅನ್ನಿಸ್ತು?"

"ಇಲ್ಲಿ ನಾನು ರಜೆ ಹಾಕಿದರೆ ಇನ್ನೊಬ್ಬಳು ಬರ್ತಾಳೆ. ಅಲ್ಲಿ ಹಂಗಲ್ಲವಲ್ಲ."

ಐದು ಊರಿನಲ್ಲಿ ನಾನು ಕೇಳಲು ಬಂದ ಮಾತು ಇದೇ. ಅವಳ ಕೈ ನೋಡಿದೆ, ಉಗುರು ಗಿಡ್ಡವಾಗಿ ಕತ್ತರಿಸಿದ ಶುಭ್ರವಾದ ಕೈ. ಆ ವಾರ್ಡಿನಲ್ಲಿ ಅವಳನ್ನು ಕಂಡಂತಾಯಿತು. ಸಂಜೆಯವರೆಗೂ ಅವಳಿಗೆ ಕಷ್ಟಗಳನ್ನೇ ಹೇಳಿದೆ. ಕರೆಂಟಿಲ್ಲದ ವಾರಗಳು, ಹಾವು, ಮುಳುಗುವ ಸೇತುವೆ, ತನ್ನ ಭಾಷೆ ಆಡದೆ ಕಳೆಯುವ ತಿಂಗಳುಗಳು. ರೀಟಾಳ ಸುದ್ದಿಯನ್ನೂ ಬಿಡಲಿಲ್ಲ. ಸ್ಟೆಲ್ಲಾಳ ಮುಖ ಬದಲಾಗಲಿಲ್ಲ. ಲೂರ್ದಮ್ಮ ಮಾತ್ರ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. "ನೀವೇನಂತೀರಮ್ಮ?" ಎಂದು ಕೇಳಿದೆ.

"ದೇವರ ಕೆಲಸ ಅಂತಾಳೆ. ನಾನು ಬ್ಯಾಡ ಅನ್ನೋಕಾಗತ್ತಾ ಸಿಸ್ಟರ್?"

ಸೆರಗು ಸುತ್ತುವ ಆ ಬೆರಳುಗಳಲ್ಲಿ ನನಗೆ ಹೂ ಕಟ್ಟುವ ಮರಿಯಮ್ಮನ ಬೆರಳುಗಳು ಕಂಡವು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಹೇಳಿದೆ, "ಇನ್ನೆರಡು ವರ್ಷ ಇಲ್ಲೇ ಅನುಭವ ಮಾಡಿಕೋ ಸ್ಟೆಲ್ಲಾ. ಆಮೇಲೆ ನೋಡೋಣ."

ಅವಳು ದಡ್ಡಳಲ್ಲ. "ಜೂನ್‌ಗೆ ವಾರ್ಡು ಮುಚ್ತಾರೆ ಅಂದ್ರಿ ನಿನ್ನೆ."

"ಹೌದು."

"ಅಂದ್ರೆ ಬ್ಯಾಡ ಅಂತ." ಅವಳ ತುಟಿ ಬಿಳುಪಾಗಿತ್ತು. "ನೀವು ಹೋಗುವಾಗ ಯಾರಾದ್ರೂ ಬ್ಯಾಡ ಅಂದಿದ್ರಾ ಸಿಸ್ಟರ್?"

"ಇಲ್ಲ."

"ಅಂದಿದ್ರೆ ನಿಲ್ತಿದ್ರಾ?"

ನಿಲ್ಲುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನ್ನ ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಡ್ಯೂಟಿಯ ಬ್ಯಾಗು ಹಾಕಿಕೊಂಡು, ನನ್ನತ್ತ ನೋಡದೆ, ಗೇಟು ತೆರೆದು ದಾವಣಗೆರೆ ಬಸ್ಸಿಗೆ ನಡೆದಳು. ಅದೇ ಬಸ್ಸಿಗೆ ಹೋಗಬೇಕಾದ ನಾನು ಮುಂದಿನ ಬಸ್ಸಿಗೆ ಕಾದೆ.

ನಿಲ್ದಾಣದವರೆಗೆ ಲೂರ್ದಮ್ಮ ಬಂದರು. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಬಸ್ಸು ಅಲುಗಿದ ಮೇಲೆಯೇ ಬಿಟ್ಟರು.

ಊರು ದಾಟುತ್ತಿದ್ದಂತೆ ಮದರ್ ಫೋನ್ ಮಾಡಿದರು. "ಕೊನೆಯ ಊರೂ ಆಯಿತಲ್ಲ. ಯಾರಾದರೂ ಒಪ್ಪಿದರಾ?"

ಹೊರಗೆ ಬಿಸಿಲಿನಲ್ಲಿ ಬೀಳು ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

"ಇಲ್ಲ ಮದರ್," ಅಂದೆ. "ಯಾರೂ ಒಪ್ಪಲಿಲ್ಲ."