ದೊಡ್ಡ ಡ್ರೈವರ ಕಾಲು

ಹೋದ ತಿಂಗಳು ಹೊಸಕೋಟೆಯ ಬಳಿ ಇಟ್ಟಿಗೆ ತುಂಬಿದ ಲಾರಿಯೊಂದು ಮೇಲ್ಸೇತುವೆ ಹತ್ತಲಾರದೆ ನನ್ನ ಮುಂದೆ ತಿಣುಕುತ್ತಿತ್ತು. ಕಿಟಕಿಯಿಂದ ಕ್ಲಚ್ ಸುಡುವ ವಾಸನೆ ಒಳಗೆ ಬಂತು. ಕೂದಲೂ ರಬ್ಬರೂ ಒಟ್ಟಿಗೆ ಸುಟ್ಟ ಹಾಗಿರುತ್ತದೆ ಅದು. ಗಾಜು ಏರಿಸಿದೆ. ಆದರೂ ವಾಸನೆ ಹೋಗಲಿಲ್ಲ...

ಹಿಂದೆ ದೇವನಹಳ್ಳಿ ಹತ್ತಿರದ ಒಂದು ತೋಟದ ಮನೆಯಲ್ಲಿ ನಾವಿಬ್ಬರು ಡ್ರೈವರುಗಳಿದ್ದೆವು. ಅವರನ್ನು ದೊಡ್ಡ ಡ್ರೈವರು ಅನ್ನುತ್ತಿದ್ದರು, ನನ್ನನ್ನು ಚಿಕ್ಕ ಡ್ರೈವರು. ಅವರು ಜಡಿಗೇನಹಳ್ಳಿ ಕಡೆಯವರು, ಬಹಳ ವರ್ಷ ಲಾರಿ ಓಡಿಸಿದವರು. ಅಮ್ಮಾವ್ರ ಕಾರು ನನ್ನ ಪಾಲಿಗಿತ್ತು. ಯಜಮಾನರ ಸೂಪರ್‌ಕಾರನ್ನು ಅವರೊಬ್ಬರೇ ಮುಟ್ಟುತ್ತಿದ್ದರು.

ಆ ಕಾರಿಗೆ ಕ್ಲಚ್ ಪೆಡಲ್ ಇರಲಿಲ್ಲ. ಗೇರ್ ಬದಲಿಸಲು ಸ್ಟೀರಿಂಗಿನ ಹಿಂದೆ ಎರಡು ಪಟ್ಟಿಗಳಿದ್ದವು, ಅಷ್ಟೇ. ನೋಡಿದವರೆಲ್ಲ ಅದನ್ನು ಆಟೊಮ್ಯಾಟಿಕ್ ಅಂದುಕೊಳ್ಳುತ್ತಿದ್ದರು. ನಾನೂ ಅಂದುಕೊಂಡಿದ್ದೆ.

"ಆಟೊಮ್ಯಾಟಿಕ್ ಅಲ್ಲ ಕಣಪ್ಪ ಇದು. ಒಳಗೆ ಕ್ಲಚ್ ಐತೆ, ನಮ್ ಲಾರಿಲಿದ್ದಂಗೇ. ಅದನ್ನ ಒತ್ತೋ ಕಾಲು ಮಾತ್ರ ನಮ್ದಲ್ಲ, ಮಿಷಿನ್ದು" ಅಂದಿದ್ದರು ದೊಡ್ಡ ಡ್ರೈವರು.

ಅವರು ಟ್ರಾಫಿಕ್ಕಿನಲ್ಲಿ ಕಾರನ್ನು ಎಂದೂ ತೆವಳಿಸುತ್ತಿರಲಿಲ್ಲ. ನಿಂತರೆ ನ್ಯೂಟ್ರಲ್. ಮುಂದೆ ಎರಡು ಕಾರಿನಷ್ಟು ಜಾಗ ತೆರವಾಗುವ ತನಕ ಕಾಯುವುದು, ಆಮೇಲೆ ಒಂದೇ ಸಲಕ್ಕೆ ಹೊರಡುವುದು. ಹಿಂದಿನವರು ಹಾರ್ನ್ ಹೊಡೆದರೂ ಅಷ್ಟೇ. ಏರಿನಲ್ಲಿ ಬ್ರೇಕ್ ಮೇಲೆ ನಿಲ್ಲಬೇಕು, ಆಕ್ಸಿಲರೇಟರ್ ಒತ್ತಿ ಕಾರನ್ನು ತೂಗಾಡಿಸಬಾರದು, ಕ್ಲಚ್ ಸುಡುತ್ತದೆ. ಒಮ್ಮೆ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಾಗ ನಾನು ಇಂಚಿಂಚು ಸರಿಸುತ್ತಿದ್ದೆ. "ಏನಪ್ಪಾ, ಎಮ್ಮೆ ಮೇಯ್ಸಕ್ಕೆ ಹೊಂಟಿದ್ದೀಯಾ?" ಅಂದರು.

ಕಾರಿನ ಶೆಡ್ಡು ಅಂಗಳಕ್ಕಿಂತ ತಗ್ಗಿನಲ್ಲಿತ್ತು. ಆಯುಧಪೂಜೆಯ ದಿನ ಅವರು ಮೊದಲು ಕಾರನ್ನು ಮೇಲಿನ ಅಂಗಳಕ್ಕೆ ತಂದು ನಿಲ್ಲಿಸಿ, ಆಮೇಲೆ ಚಕ್ರಗಳಡಿ ನಿಂಬೆಹಣ್ಣು ಇಡಿಸುತ್ತಿದ್ದರು. ಒಂದು ವರ್ಷ ಆ ದಿನ ಬೆಳಿಗ್ಗೆ ತಮ್ಮ ಮನೆಯ ಪೂಜೆಗೆಂದು ಊರಿಗೆ ಹೋಗಿದ್ದರು. ಮಧ್ಯಾಹ್ನ ಬರುವವರಿದ್ದರು. ಪೂಜೆಗೆ ಬಂದಿದ್ದ ಯಜಮಾನರ ನೆಂಟರು ಅಲ್ಲಿಯವರೆಗೆ ಕಾಯಲಿಲ್ಲ. ಶೆಡ್ಡಿನ ಬಾಗಿಲಲ್ಲೇ, ಏರಿನ ಮೇಲೇ ಪೂಜೆ ಆಯಿತು. ಕೀ ನನ್ನ ಕೈಗೆ ಬಂತು.

"ಮೆಲ್ಲಗೆ ಹತ್ಸು ಗುರು, ನಿಂಬೆಹಣ್ಣು ಒಡೆಯೋದು ವಿಡಿಯೋದಲ್ಲಿ ಬರ್ಬೇಕು" ಅಂದರು ಯಜಮಾನರು. ಹಿಂದಿನ ಚಕ್ರದ ಹಣ್ಣು ಒಡೆಯದೆ ಜಾರಿಕೊಂಡಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಮತ್ತೆ ಮೆಲ್ಲಗೆ. ಏಳೆಂಟು ಸಲ. ಆಕ್ಸಿಲರೇಟರ್ ಮೇಲೇ ಕಾರನ್ನು ಏರಿನಲ್ಲಿ ತಡೆದು ಹಿಡಿದಿದ್ದೆ. ಸಾಂಬ್ರಾಣಿ ಹೊಗೆಯ ನಡುವೆ ಕ್ಲಚ್ ಸುಡುವ ಆ ವಾಸನೆ ನನಗೊಬ್ಬನಿಗೇ ಬಡಿಯಿತು. ಮಧ್ಯಾಹ್ನ ದೊಡ್ಡ ಡ್ರೈವರು ಬಂದಾಗ ಹೇಳಬಹುದಿತ್ತು. ಹೇಳಲಿಲ್ಲ.

ಮೂರು ದಿನದ ಮೇಲೆ ಟೋಲ್ ಗೇಟಿನ ಸಾಲಿನಲ್ಲಿ ಇಂಜಿನ್ ಕೂಗಿತು, ಕಾರು ಕದಲಲಿಲ್ಲ. ಓಡಿಸುತ್ತಿದ್ದವರು ದೊಡ್ಡ ಡ್ರೈವರು. ನಾನು ಹಿಂದಿನ ಕಾರಿನಲ್ಲಿದ್ದೆ. ಅವರು ಇಳಿದು ತಮ್ಮ ಬಲಗಾಲನ್ನೇ ನೋಡಿಕೊಳ್ಳುತ್ತ ನಿಂತಿದ್ದು ಕಂಡಿತು. ಕ್ಲಚ್ ಪೂರ್ತಿ ಹೋಗಿದೆ, ಓಡಿಸಿದವರ ಅಭ್ಯಾಸದಿಂದ ಹೀಗಾಗಿದೆ ಎಂದರು ಸರ್ವಿಸಿನವರು. ಯಜಮಾನರು ಬೈಯಲಿಲ್ಲ. ರಿಪೇರಿಯಾಗಿ ಬಂದ ಕಾರಿನ ಕೀಯನ್ನು ನನಗೆ ಕೊಟ್ಟರು.

"ಕಾಲಿಗೆ ವಯಸ್ಸಾಯ್ತು ಕಣಪ್ಪ. ನಂಗೇ ಗೊತ್ತಾಗ್ಲಿಲ್ಲ" ಅಂದರು ದೊಡ್ಡ ಡ್ರೈವರು. ಆ ವಾರವೇ ಕೆಲಸ ಬಿಟ್ಟರು. ಬಸ್ ಸ್ಟಾಪಿನವರೆಗೆ ನಾನೇ ಬಿಟ್ಟು ಬಂದೆ. ಚೀಲವನ್ನೂ ನಾನೇ ಬಸ್ಸಿಗೆ ಏರಿಸಿಕೊಟ್ಟೆ...

ಲಾರಿ ನೋಡಿದ ಮರುದಿನ ಜಡಿಗೇನಹಳ್ಳಿಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು.

"ಊರಿಗೆ ಬಂದ್ಮೇಲೆ ಟ್ರ್ಯಾಕ್ಟರ್‌ನೂ ಮುಟ್ಲಿಲ್ಲ. ಯಾರಾದ್ರೂ ಕರೆದ್ರೆ, ನನ್ ಕಾಲಿಗೆ ಅಂದಾಜು ಹೋಗೈತೆ, ಯಾರಿಗಾದ್ರೂ ಗುದ್ದಿಬಿಡ್ತೀನಿ ಅಂತಿದ್ರು."

ನಾನು ನಡೆದಿದ್ದನ್ನು ನಡೆದ ಹಾಗೆ, ಒಂದೂ ಬಿಡದೆ ಹೇಳಿದೆ. ಆಕೆ ಪೂರ್ತಿ ಕೇಳಿದರು.

"ನಂಗ್ಯಾಕಪ್ಪ ಹೇಳ್ತೀಯ ಇದನ್ನ?" ಅಂದರು. ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕಾದೆ. ಅವರು ಮತ್ತೆ ಹೊರಗೆ ಬರಲಿಲ್ಲ.