ಸತ್ತಿದ್ದಲ್ಲ, ಹಸಿದಿದ್ದು

‘ಬ್ಯಾಟರಿ ಸತ್ತಿದೆ’ ಎಂದು ನನ್ನ ಅತ್ತೆಯ ಎದುರು ಹೇಳಿ ಬೈಸಿಕೊಳ್ಳದೆ ಹೋದವರಿಲ್ಲ. “ನೀವೇನು ನಾಡಿ ಹಿಡಿದು ನೋಡಿದ್ರಾ? ಸತ್ತಿಲ್ಲ, ಹಸಿದಿದೆ. ಅದಕ್ಕೆ ಊಟ ಹಾಕಬೇಕಾದೋರು ಯಾರು ಅಂತ ಮೊದಲು ಕೇಳಿ” ಎನ್ನುತ್ತಾಳೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ಮೂವತ್ತೊಂದು ವರ್ಷಗಳಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿರುವವಳು. ವೋಲ್ಟ್ ಅಳೆಯುವ ಮೀಟರು ಸದಾ ಕೊರಳಲ್ಲಿ ನೇತಾಡುವುದರಿಂದ ಬೀದಿಯವರಿಗೆಲ್ಲ ಅವಳು ಮೀಟರಮ್ಮ. ಹೊಸಬರು ಬಂದು “ಮೇಸ್ತ್ರಿ ಇಲ್ವಾ?” ಎಂದು ಕೇಳಿದರೆ ಈಗಲೂ ಒಳಗೆ ಹೋಗಿ, ಕೈ ಒರೆಸಿಕೊಂಡು ಮತ್ತೆ ಹೊರಗೆ ಬಂದು “ಬಂದೆ, ಹೇಳಿ” ಎನ್ನುತ್ತಾಳೆ.

ಮಾವ ಕಾರುಗಳಿಗೆ ಬಣ್ಣ ಹೊಡೆಯುವವರು. ಇಬ್ಬರದೂ ಒಂದೇ ಶೆಡ್ಡು, ನಡುವೆ ನೆಲದ ಮೇಲೆ ಮಾವನೇ ಎಳೆದ ಹಳದಿ ಗೆರೆ. ಗೆರೆಯ ಈಚೆ ಬಣ್ಣ, ಆಚೆ ಕರೆಂಟು. ಬಣ್ಣಕ್ಕೆ ಬಂದ ಗಾಡಿ ಮೊದಲು ಗೆರೆಯಾಚೆ ಹೋಗಿ ವೈರು ಬಿಚ್ಚಿಸಿಕೊಂಡು ಬರಬೇಕು; ಬಣ್ಣ ಆರಿದ ಮೇಲೆ ಮತ್ತೆ ಆಚೆಗೆ ಹೋಗಿ ಕಟ್ಟಿಸಿಕೊಳ್ಳಬೇಕು. ಜಗಳವಾಡಿದ ದಿನಗಳಲ್ಲೂ ಈ ಕಟ್ಟಳೆಯನ್ನು ಇಬ್ಬರೂ ಮೀರಿದವರಲ್ಲ. ಜಗಳ ಅಪರೂಪವೇನೂ ಆಗಿರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು. ಬೆಳಿಗ್ಗೆ ಎಂಟಕ್ಕೆ ಮೊದಲ ಮನೆ ಒಬ್ಬ ನಿವೃತ್ತ ಮೇಷ್ಟ್ರದು. ಅವರಿಗೆ ಸಕ್ಕರೆ ಕಾಯಿಲೆ, ಕೈ ನಡುಕ. ನಾನು ಹೋಗಿ ಇಂಜೆಕ್ಷನ್ ಕೊಟ್ಟ ಮೇಲೆಯೇ ತಿಂಡಿ. ನಾನು ತಡ ಮಾಡಿದರೆ ಎಪ್ಪತ್ತೆಂಟರ ಆ ಮನುಷ್ಯ ಮುಚ್ಚಿಟ್ಟ ತಟ್ಟೆಯ ಮುಂದೆ ಹಸಿದು ಕೂತಿರಬೇಕು. ಎರಡು ತಿಂಗಳಲ್ಲಿ ಎರಡು ಸಲ ಹಾಗೆ ಕೂತರು. ಎರಡು ಸಲವೂ ಕಾರಣ ಒಂದೇ, ಕೀಲಿ ತಿರುಗಿಸಿದರೆ ನನ್ನ ಕಾರು ‘ಟಕ್’ ಎಂದು ನಾಲಿಗೆ ಲೊಟ್ಟೆ ಹೊಡೆದು ಸುಮ್ಮನಾಗುತ್ತಿತ್ತು. ಮೇಲ್ವಿಚಾರಕಿ ನನ್ನನ್ನು ಕರೆದು, “ಇನ್ನೊಂದು ಸಲ ಹೀಗಾದ್ರೆ ನಿಮ್ಮ ಮನೆಗಳನ್ನ ಬೇರೆಯವರಿಗೆ ಕೊಟ್ಟು ನಿಮ್ಮನ್ನ ಆಫೀಸಲ್ಲಿ ಕೂರಿಸ್ತೀನಿ” ಎಂದಳು. ಫೈಲು ಜೋಡಿಸುವುದಕ್ಕಾಗಿ ನಾನು ನರ್ಸಿಂಗ್ ಓದಿದ್ದಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಮೊದಲ ಸಲ ಕೆಟ್ಟಾಗ ಅತ್ತೆಯ ಬಳಿ ಹೋಗಿರಲಿಲ್ಲ. ಅವಳು ಕಣ್ಣಿನ ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿದ್ದಳು. ಮೂಲೆಯ ಬ್ಯಾಟರಿ ಅಂಗಡಿಯವನು ತನ್ನ ಗಾಡಿಯಿಂದ ಕೇಬಲ್ ಕೊಟ್ಟ ಕೂಡಲೇ ನನ್ನದು ಗುರ್ರೆಂದು ಎದ್ದಿತು. “ನೋಡಿದ್ರಾ, ಬ್ಯಾಟರಿ ಸತ್ತಿದೆ” ಎಂದು ಹೊಸದು ಹಾಕಿದ. ಮೂರು ವಾರಕ್ಕೆ ಅದೂ ಮಲಗಿತು. ಎರಡನೇ ಸಲ ಅತ್ತೆಯೇ ನೋಡಿದಳು. ಇಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿಗೆ ಮೀಟರು ಹಚ್ಚಿ, “ಹದಿನಾಲ್ಕು ವೋಲ್ಟು! ಇದು ಗುಂಡುಕಲ್ಲಿನ ಹಾಗಿದೆ. ಅವನು ಹಾಕಿದ ಮಾಲೇ ಸರಿಯಿಲ್ಲ” ಎಂದು ತನ್ನ ಕೈಯಾರೆ ಬೇರೆ ಬ್ಯಾಟರಿ ಕೂರಿಸಿದಳು. “ಇದು ಮಲಗಿದ್ರೆ ನಾನು ಮೀಟರು ಕೆಳಗಿಡ್ತೀನಿ” ಎಂದೂ ಹೇಳಿದಳು. ಹತ್ತೊಂಬತ್ತನೇ ದಿನ ಅದು ಮಲಗಿತು. ಪುಣ್ಯಕ್ಕೆ ಅವತ್ತು ಭಾನುವಾರ, ನನಗೆ ರಜೆ.

ನಾನು ಮಧ್ಯಾಹ್ನ ಹೇಗೋ ಕಾರನ್ನು ಶೆಡ್ಡಿಗೆ ತಂದಾಗ ಅತ್ತೆ ಕೊರಳಿನ ಮೀಟರು ತೆಗೆದು ಬೆಂಚಿನ ಮೇಲಿಟ್ಟಳು. ಅವಳನ್ನು ಹಾಗೆ ಬರಿಗೊರಳಲ್ಲಿ ನಾನು ನೋಡಿಯೇ ಇರಲಿಲ್ಲ. ಮಾವ ಗೆರೆಯಾಚೆಯಿಂದಲೇ, “ಹಳೇ ಕಾರು, ಅದಕ್ಕೂ ವಯಸ್ಸಾಯ್ತು ಬಿಡೇ” ಎಂದು ಸಮಾಧಾನ ಹೇಳಿದರು.

“ನಿಮ್ಮ ಬಣ್ಣದ ಬಗ್ಗೆ ನಾನು ಹಾಗಂದ್ರೆ ಸುಮ್ನಿರ್ತೀರಾ?” ಎಂದು ಅತ್ತೆ ಸಿಡುಕಿದಳು. ಅದೂ ನಿಜ. ನನ್ನ ಕಾರಿಗೆ ಮಾವ ಆ ವರ್ಷವೇ ಹೊಸ ಬಣ್ಣ ಹೊಡೆದಿದ್ದರು, ಬಾನೆಟ್ಟಿನ ಒಳಗೂ ಕನ್ನಡಿಯ ಹಾಗೆ. ಬಂದವರಿಗೆಲ್ಲ ಬಾನೆಟ್ಟು ಎತ್ತಿ ತೋರಿಸುತ್ತಿದ್ದರು.

ನನಗೆ ತಲೆ ಕೆಟ್ಟಿತ್ತು. “ಅತ್ತೆ, ನಮ್ಮ ರೋಗಿಗಳ ಮನೇಲೂ ಇದೇ ಕಥೆ. ಅಡುಗೆಯವರನ್ನ ಕೇಳಿದ್ರೆ ‘ಎರಡು ಹೊತ್ತೂ ಬಡಿಸಿದೀವಿ’ ಅಂತಾರೆ. ರೋಗಿ ನೋಡಿದ್ರೆ ಸೊರಗ್ತಾ ಇರ್ತಾನೆ. ಅದಕ್ಕೇ ನಾನು ಅಡುಗೆಮನೇಲಿ ವಿಚಾರಿಸಲ್ಲ, ರೋಗಿ ತಟ್ಟೇನೇ ನೋಡ್ತೀನಿ. ನೀನು ಅಳೆದದ್ದು ಎಲ್ಲಿ, ಅಡುಗೆಮನೇಲೋ ತಟ್ಟೇಲೋ?”

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ಮೀಟರು ಮತ್ತೆ ಕೊರಳಿಗೆ ಬಂತು.

“ಹಾಕೇ ಇಂಜಿನ್ನು!” ಎಂದು ತನ್ನ ಗಾಡಿಯಿಂದ ಕೇಬಲ್ ಕೊಟ್ಟಳು. ಕಾರು ಎದ್ದಿತು. ಕೇಬಲ್ ಬಿಚ್ಚಿ ಆಲ್ಟರ್ನೇಟರಿನಲ್ಲಿ ಅಳೆದಳು, ಹದಿನಾಲ್ಕು. ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದಳು, ಬರೀ ಹನ್ನೆರಡು ಚಿಲ್ಲರೆ. “ದೇವರು ಕೊಟ್ಟರೂ ಪೂಜಾರಿ ಕೊಡ! ನಡುವೆ ಯಾರೋ ತಿಂತಾ ಇದಾರೆ ಕಣೇ” ಎಂದು ಕೂಗಿದಳು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಪ್ಪು ತುದಿಗೆ ಒತ್ತಿ, ಇನ್ನೊಂದನ್ನು ಇಂಜಿನ್ನಿಗೆ ಇಟ್ಟಳು. ಸೊನ್ನೆಯ ಹತ್ತಿರ ಇರಬೇಕಾದದ್ದು ಒಂದೂವರೆ ದಾಟಿತ್ತು. “ಬೇರೆಯವರ ಕೇಬಲ್ ಕೊಟ್ರೆ ಯಾಕೆ ತಕ್ಷಣ ಏಳತ್ತೆ ಗೊತ್ತಾ? ಕಪ್ಪು ಕೇಬಲನ್ನ ನಾವು ನೇರ ಇಂಜಿನ್ನಿಗೇ ಹಚ್ತೀವಿ. ಕೆಟ್ಟ ದಾರಿ ತಪ್ಪಿಹೋಗತ್ತೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದೆ ನಾನು.”

ಇಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿ ಒಂದಿರುತ್ತದೆ, ತಾಮ್ರದ ಎಳೆಗಳನ್ನು ಜಡೆಯ ಹಾಗೆ ಹೆಣೆದದ್ದು. ಕರೆಂಟು ಬ್ಯಾಟರಿಗೆ ಮರಳುವುದು ಅದರ ಮೂಲಕವೇ. ಅತ್ತೆ ಇಂಜಿನ್ ಆರಿಸಿ ಅದರ ಬೋಲ್ಟು ಬಿಚ್ಚಿದಳು. ಅಡಿಯಲ್ಲಿ ಬರಿ ಲೋಹ ಇರಬೇಕಾದ ಜಾಗದಲ್ಲಿ ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು, ಎರಡು ಕೋಟು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ತಿರುಪಿನ ಸಂದಿಯಲ್ಲಿ ನುಸುಳಿದಷ್ಟೇ ಇಷ್ಟು ದಿನ ಬ್ಯಾಟರಿಯ ಪಾಲಿಗೆ.

“ಈ ಬೋಲ್ಟು ನಾನು ಹಾಕಿದ್ದಲ್ಲ” ಎಂದಳು ಅತ್ತೆ.

ಮಾವ ಬ್ರಷ್ಷು ಕೆಳಗಿಟ್ಟರು. “ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲೇ. ಒಂದು ಬೋಲ್ಟು ತಾನೇ, ಅದಕ್ಕಾಗಿ ನಿನ್ನನ್ನ ಯಾಕೆ ಎಬ್ಬಿಸೋದು ಅಂತ ನಾನೇ ಬಿಗಿದೆ.”

ಈಗ ಹತ್ತು ನಿಮಿಷದ ಬೈಗುಳ ಗ್ಯಾರಂಟಿ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬೈಯಲಿಲ್ಲ. “ನನ್ನ ಕಣ್ಣು ಕಾಯೋಕೆ ಹೋಗಿ ಮೂರು ಬ್ಯಾಟರಿ ಉಪವಾಸ ಕೆಡವಿದಿರಿ. ಬನ್ನಿ ಈಚೆಗೆ” ಎಂದು ಮರಳು ಕಾಗದದ ಚೂರು ಚಾಚಿದಳು. ಮಾವ ಹಳದಿ ಗೆರೆ ದಾಟಿ ಬಂದು, ತಾವೇ ಹೊಡೆದ ಬಣ್ಣವನ್ನು ತಾವೇ ಉಜ್ಜಿದರು. ಲೋಹ ಬೆಳ್ಳಗೆ ಕಾಣುವವರೆಗೂ ಕೈ ನಿಲ್ಲಿಸಲಿಲ್ಲ. ಅವರ ಮುಖ ನೋಡಿ ನನಗೆ ಪಾಪ ಎನಿಸಿತು. ಅತ್ತೆಗೂ ಅನಿಸಿರಬೇಕು, ಬಗ್ಗಿದ ಅವರ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು.

ಪಟ್ಟಿ ಬಿಗಿದು ಅಳೆದಾಗ ಬ್ಯಾಟರಿಯಲ್ಲೂ ಹದಿನಾಲ್ಕು. ಬ್ಯಾಟರಿಯನ್ನು ಚಾರ್ಜರಿಗೆ ಹಾಕಿ ಸಂಜೆಯವರೆಗೆ ಹೊಟ್ಟೆ ತುಂಬಿಸಿ ಕೂರಿಸಿದ ಮೇಲೆ, “ನಾಳೆ ಕಣ್ಣು ಮುಚ್ಚಿಕೊಂಡು ಹೋಗು. ಸ್ಟಾರ್ಟ್ ಆಗದಿದ್ರೆ ನಾನೇ ತಳ್ತೀನಿ” ಎಂದಳು ಅತ್ತೆ, ಅದೇ ಹಳೆಯ ಧಾಟಿಯಲ್ಲಿ.

ಮರುದಿನ ಏಳೂಕಾಲಿಗೆ ಗೇಟು ತೆಗೆದರೆ ಎದುರಿಗೆ ಅತ್ತೆ-ಮಾವನ ಹಳೆಯ ವ್ಯಾನು, ಮೂತಿ ನನ್ನ ಕಾರಿನ ಮೂತಿಗೆ ತಾಗುವಷ್ಟು ಹತ್ತಿರ. ಮಾವ ಓಡುವ ಬೂಟು ಹಾಕಿ ನಿಂತಿದ್ದರು. ಅತ್ತೆಯ ಎರಡು ಕೈಗಳೂ ಬೆನ್ನ ಹಿಂದೆ ಇದ್ದವು.

“ಏನತ್ತೆ ಇಷ್ಟು ಹೊತ್ತಿಗೆ?”

“ಏನಿಲ್ಲ. ವಾಕಿಂಗ್ ಬಂದ್ವಿ.”

ಕೀಲಿ ತಿರುಗಿಸಿದೆ. ಕಾರು ಒಂದೇ ಉಸಿರಿಗೆ ಎದ್ದಿತು. ಅತ್ತೆ ಕಣ್ಣು ಮುಚ್ಚಿ ತೆಗೆದಳು. ಬೆನ್ನ ಹಿಂದಿನಿಂದ ಜಾರಿದ ಕೆಂಪು ಕೇಬಲ್ಲಿನ ತುದಿ ಅವಳ ಕಾಲ ಬಳಿ ಬಿತ್ತು.

“ವಾಕಿಂಗಿಗೆ ವ್ಯಾನು, ಕೇಬಲ್ಲು ಎಲ್ಲ ಬೇಕಾಗತ್ತಾ?” ಎಂದೆ.

“ಬಾಯಿ ಮುಚ್ಕೊಂಡು ಹೊರಡೇ! ಮೇಷ್ಟ್ರು ಹಸಿದಿರ್ತಾರೆ” ಎಂದು ಗದರಿದಳು. ಅವಳ ಕಣ್ಣು ತುಂಬಿತ್ತು.

ಎಂಟಕ್ಕೆ ಇನ್ನೂ ಐದು ನಿಮಿಷ ಇರುವಾಗ ನಾನು ಮೇಷ್ಟ್ರ ಮನೆಯ ಬೆಲ್ಲು ಒತ್ತಿದೆ.