ಹಳದಿ ಬಿದ್ದ ಲೆನ್ಸು, ಟ್ರಂಕಿನ ತಂಬಾಕು

ನಮ್ಮ ಬಳಗದಲ್ಲಿ ಮಾಮಿಗೆ ಒಂದು ಹೆಸರು ಅಂಟಿಕೊಂಡಿತ್ತು: ಲೆನ್ಸು ಕೆಡಿಸಿದಾಕಿ. ನಿಪ್ಪಾಣಿಯ ನನ್ನ ಸೋದರಮಾವನ ಹೆಂಡತಿ ಆಕೆ. ಯಾವ ಮದುವೆಗೆ ಹೋದರೂ ಫೋಟೋದವನು ಬಂದು ನಿಂತ ಕೂಡಲೇ ಯಾರಾದರೊಬ್ಬರು, ಕ್ಯಾಮೆರಾ ಜೋಪಾನ, ಈಕಿ ಬಂದಾಳ ಎಂದು ನಗುತ್ತಿದ್ದರು. ಮಾಮಿಯೂ ಜೊತೆಗೆ ನಗುತ್ತಿದ್ದಳು. ಆ ನಗು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆದದ್ದಿಷ್ಟು. ಮಾಮಾ ವಖಾರಿಯಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ಗುಮಾಸ್ತರಾಗಿದ್ದರು. ಹೊಟ್ಟೆಪಾಡು ತಂಬಾಕಿನದು, ಹುಚ್ಚು ಫೋಟೋದ್ದು. ಕೊಲ್ಲಾಪುರದಲ್ಲಿ ಯಾರೋ ಬಳಸಿ ಬಿಟ್ಟಿದ್ದ ಜಪಾನಿನ ಕ್ಯಾಮೆರಾ ಮತ್ತು ಲೆನ್ಸನ್ನು ಕೊಂಡು ತಂದಿದ್ದರು. ಕಪ್ಪು ಬಿಳುಪಿನ ಕಾಲದಲ್ಲಿ ಅದರಿಂದ ತೆಗೆದ ನಮ್ಮಜ್ಜಿಯ ಫೋಟೋ ಈಗಲೂ ನಮ್ಮ ಪಡಸಾಲೆಯಲ್ಲಿದೆ, ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಆಮೇಲೆ ಸಂಸಾರದ ಗದ್ದಲದಲ್ಲಿ ಕ್ಯಾಮೆರಾ ಕೆಲವು ವರ್ಷ ಮಾಮಿಯ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತು. ಸೀರೆಗೆ ಹುಳ ಬೀಳದಿರಲೆಂದು ಟ್ರಂಕಿನಲ್ಲಿ ತಂಬಾಕಿನ ಎಲೆ ಇಡುವುದು ಅವರ ಮನೆಯ ರೂಢಿ. ಮಾಮಿಯೂ ಇಟ್ಟಿದ್ದಳು.

ಐನಾಪುರದಲ್ಲಿ ನನ್ನ ಅಕ್ಕನ ಮದುವೆಯಾದಾಗ ಮಾಮಾ ಕ್ಯಾಮೆರಾ ಹೊರತೆಗೆದು ಮೊದಲ ಸಲ ಬಣ್ಣದ ರೀಲು ಹಾಕಿದರು. ಫೋಟೋ ತೊಳೆಸಿ ತಂದಾಗ ನೋಡಿದರೆ, ಅರಿಶಿನ ಹಚ್ಚಿದ್ದು ಮದುಮಗಳಿಗಷ್ಟೇ ಅಲ್ಲ, ಚಪ್ಪರಕ್ಕೆ, ಅನ್ನದ ರಾಶಿಗೆ, ಬೀಗರ ಧೋತರಕ್ಕೆ, ಎಲ್ಲದಕ್ಕೂ! ಲ್ಯಾಬಿನವನು ಎಷ್ಟು ತಿದ್ದಿದರೂ ಹಳದಿ ಪೂರ್ತಿ ಹೋಗಲಿಲ್ಲ. ಮಾಮಾ ಲೆನ್ಸನ್ನು ಬೆಳಕಿಗೆ ಹಿಡಿದರು. ಗಾಜು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಟ್ರಂಕು ತೆರೆದರು, ತಂಬಾಕು ಕಂಡಿತು. ವಿಚಾರಣೆ ಅಲ್ಲಿಗೇ ಮುಗಿಯಿತು.

ನಿಪ್ಪಾಣಿಯಲ್ಲದೆ ಬೇರೆ ಊರಾಗಿದ್ದರೆ ಯಾರಾದರೂ ಎರಡನೆಯ ಪ್ರಶ್ನೆ ಕೇಳುತ್ತಿದ್ದರೇನೋ. ಅಲ್ಲಿ ವಖಾರಿಯ ಗೋಡೆ ಹಳದಿ, ಎಲೆ ಮುಟ್ಟುವವರ ಬೆರಳು ಹಳದಿ, ಆ ಬೆರಳಿನಿಂದ ಮಡಚಿದ ನೋಟೂ ಹಳದಿ. ಹಾಗಿರುವಾಗ ಗಾಜು ಯಾವ ದೊಡ್ಡದು? ಮಾಮಾ ಸ್ಪಿರಿಟ್ಟು ಹಚ್ಚಿ ಒರೆಸಿ ನೋಡಿದರು, ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಕ್ಯಾಮೆರಾ ಕಪಾಟಿನ ಮೇಲೇರಿತು. ಅವತ್ತಿನಿಂದ ಮಾಮಿ ಅದನ್ನು ಮುಟ್ಟಲಿಲ್ಲ, ಟ್ರಂಕಿನಲ್ಲಿ ತಂಬಾಕೂ ಇಡಲಿಲ್ಲ, ಬೇವಿನ ಎಲೆ ಇಟ್ಟಳು. ಬೇವಿಗೆ ಹುಳ ಹೆದರಲಿಲ್ಲ. ಆಕೆಯ ಮದುವೆ ಸೀರೆಯ ಸೆರಗು ತೂತು ತೂತಾಯಿತು. ಅದನ್ನು ನನಗೊಬ್ಬಳಿಗೇ ಒಮ್ಮೆ ಬಿಚ್ಚಿ ತೋರಿಸಿದ್ದಳು.

ನಾನು ಚಿಕ್ಕೋಡಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಯಾಕೆ ಎಂದು ಕೇಳದಿದ್ದರೆ ನನಗೆ ತಿಂದ ರೊಟ್ಟಿ ಕರಗುವುದಿಲ್ಲ. ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಇದರೊಳಗೆ ಕನ್ನಡಿ ಇಲ್ಲದ್ದರಿಂದ ಮೈ ತೆಳು, ನಡುವೆ ಒಂದು ಅಡಾಪ್ಟರ್ ಉಂಗುರ ಕೂಡಿಸಿದರೆ ಹಳೆಯ ಕಾಲದ ಲೆನ್ಸೂ ಕೂರುತ್ತದೆ ಎಂದು ಓದಿದೆ. ಮೊದಲು ನೆನಪಾದದ್ದು ಮಾಮಾನ ಕಪಾಟು.

ಉಂಗುರ ಪಾರ್ಸೆಲ್ಲಿನಲ್ಲಿ ಬಂದ ಮೇಲೆ ಒಂದು ಭಾನುವಾರ ನಿಪ್ಪಾಣಿಯ ಬಸ್ಸು ಹತ್ತಿದೆ. ಮಾಮಾ ಆಗಷ್ಟೇ ಮಿರಜಿನಲ್ಲಿ ಮೋತಿಬಿಂದಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಹೋದವರಿಗೆಲ್ಲ ಅದೇ ಪುರಾಣ: ವಯಸ್ಸಾದ ಹಾಗೆ ಕಣ್ಣೊಳಗಿನ ಮಸೂರ ಹಳದಿಗಟ್ಟಿತ್ತಂತೆ, ಡಾಕ್ಟರು ಅದನ್ನು ತೆಗೆದು ಹೊಸದು ಹಾಕಿದರಂತೆ, ಈಗ ಹಾಲು ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದಂತೆ. ಪುರಾಣ ಮುಗಿಸಿ ಲೆನ್ಸು ಇಳಿಸಿ ಕೊಟ್ಟರು. ತಂಬಾಕು ತಿಂದ ಲೆನ್ಸಿದು, ತಗೊಂಡು ಏನು ಮಾಡುತ್ತೀ ಎಂದರು. ಅಡುಗೆಮನೆಯಲ್ಲಿ ಮಾಮಿಯ ಪಾತ್ರೆಯ ಸದ್ದು ನಿಂತಿತು.

ಲೆನ್ಸು ಕಟಕ್ಕೆಂದು ಕೂತಿತು. ಲೆನ್ಸಿನ ಮೇಲಿನ ಫೋಕಸ್ ಉಂಗುರ ತಿರುಗಿಸಿದಂತೆ, ಫೋಕಸ್ ಹತ್ತಿದ ಅಂಚುಗಳಿಗೆ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತಿತ್ತು. ಮಾಮಾ ಕ್ಯಾಮೆರಾ ಕಸಿದುಕೊಂಡು ತುಳಸಿಕಟ್ಟೆ, ಬಾಗಿಲು, ನನ್ನ ಮೂಗು, ಎಲ್ಲದಕ್ಕೂ ಕೆಂಪು ಗೆರೆ ಎಳೆಸಿದರು. ವಿಚಿತ್ರವೆಂದರೆ ಫೋಟೋದಲ್ಲಿ ಹಳದಿ ಹೆಚ್ಚು ಕಾಣಲಿಲ್ಲ. ಮಾಮಿ ಬಾಗಿಲಿಗೆ ಬಂದು ಇಣುಕಿ, ಚಲೋ ಬಂದೈತಲ್ಲ ಎಂದಳು. ನನಗೆ ಸುಮ್ಮನಿರಲಾಗಲಿಲ್ಲ. ಈಗಿನ ಕ್ಯಾಮೆರಾ ಬಣ್ಣವನ್ನು ತಾನೇ ಸರಿ ಮಾಡಿಕೊಂಡು ಬಿಡುತ್ತದೆ. ಅದನ್ನು ನಿಲ್ಲಿಸಿ ಮತ್ತೊಂದು ತೆಗೆದೆ. ಮತ್ತೆ ಎಲ್ಲ ಹಳದಿ, ಮಾಮಾನ ಧೋತರ, ಗೋಡೆಯ ಸುಣ್ಣ ಕೂಡ. ಮಾಮಿ ಒಳಗೆ ಹೋದಳು.

ಲೆನ್ಸನ್ನು ಚಿಕ್ಕೋಡಿಗೆ ತಂದು ದಿನಗಟ್ಟಲೆ ತಿರುಗಿಸಿ ನೋಡಿದೆ. ಕಲೆಯಾಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬೇಕಿತ್ತು. ಇದು ಅಂಚಿನಿಂದ ಅಂಚಿಗೆ ಒಂದೇ ಸಮ, ಅದೂ ಗಾಜಿನ ಒಳಗೆ. ಹುಡುಕುತ್ತ ಹೋದಾಗ ಉತ್ತರ ಸಿಕ್ಕಿತು. ಆ ಕಾಲದಲ್ಲಿ ಕೆಲವು ಲೆನ್ಸುಗಳ ಗಾಜಿಗೆ ಥೋರಿಯಂ ಎಂಬ ವಸ್ತು ಬೆರೆಸುತ್ತಿದ್ದರು. ಅದರಿಂದ ಹೊರಡುವ ಸಣ್ಣ ವಿಕಿರಣಕ್ಕೆ ಗಾಜು ವರ್ಷಗಳು ಕಳೆದಂತೆ ತಾನಾಗಿಯೇ ಹಳದಿಯಾಗುತ್ತದೆ. ಕಡು ಬಿಸಿಲಿಗೆ ವಾರಗಟ್ಟಲೆ ಇಟ್ಟರೆ ಬಣ್ಣ ಇಳಿಯುತ್ತದೆ. ಓದಿ ಮುಗಿಸಿ ನಾನೊಬ್ಬಳೇ ಕುಣಿಯುವುದೊಂದು ಬಾಕಿ. ಬಿಸಿಲಿಗೆ ನಮ್ಮ ಕಡೆ ಏನು ಬರ?

ಬೇಸಿಗೆ ರಜೆಯಲ್ಲಿ ಲೆನ್ಸಿನ ಸಮೇತ ನಿಪ್ಪಾಣಿಯಲ್ಲಿ ಠಿಕಾಣಿ ಹೂಡಿದೆ. ಇದು ತಂಬಾಕಿನ ಬಣ್ಣವಲ್ಲ, ಬಿಸಿಲಿಗಿಟ್ಟರೆ ಹೋಗುತ್ತದೆ ಎಂದೆ. ಮಾಮಾ ನಕ್ಕರು. ಮಾಮಿ ನಗಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಇಡುತ್ತ ಮೆಲ್ಲಗೆ ಕೇಳಿದಳು.

"ಬಣ್ಣ ಹೋಗಲಿಲ್ಲಂದ್ರ, ನಾನ ಕೆಡಿಸಿದ್ದು ಖರೇ ಅಂತ ಆಗ್ತೈತೇನವ್ವಾ?"

ನನ್ನ ಪುಸ್ತಕದ ವಿದ್ಯೆ ಸುಳ್ಳಾದರೆ ಆಕೆಯ ಹಣೆಯ ಮೇಲಿನ ಬರಹ ಇನ್ನೂ ದಪ್ಪಗಾಗುತ್ತದೆ ಎಂದು ಆಗಲೇ ಹೊಳೆದದ್ದು. ನಿಜ ಹೇಳಬೇಕೆಂದರೆ ಭಯವಾಯಿತು.

ಮೊದಲ ದಿನವೇ ಎಡವಟ್ಟು. ಬಟ್ಟಲಲ್ಲಿ ಮಾಮಾನ ಹಳೇ ಧೋತರದ ತುಂಡು ಹಾಸಿ, ಬಟ್ಟಲಿನ ಬಾಯಿಗೆ ಲೆನ್ಸು ಕೂರಿಸಿದ್ದೆ. ಸ್ವಲ್ಪ ಹೊತ್ತಿಗೆ ಸಣ್ಣ ಹೊಗೆ. ಬಿಸಿಲು ಒಂದೇ ಕಡೆ ಕೂಡಿ ಧೋತರಕ್ಕೆ ಬೀಡಿ ತಾಗಿದಂಥ ತೂತು ಬಿದ್ದಿತ್ತು. ಮಕ್ಕಳಿಗೆ ಭೂತಗನ್ನಡಿಯ ಪಾಠ ಹೇಳುವ ಟೀಚರಮ್ಮನ ಕತೆ ಇದು. ಮಾಮಿ ಸೆರಗು ಬಾಯಿಗಿಟ್ಟು ನಕ್ಕು ಆ ತುಂಡನ್ನು ಬಚ್ಚಿಟ್ಟಳು. ಮರುದಿನದಿಂದ ಲೆನ್ಸಿನ ಹಿಂಬದಿಗೆ ರೊಟ್ಟಿ ಸುತ್ತುವ ಬೆಳ್ಳಿ ಬಣ್ಣದ ಹಾಳೆ ಸುತ್ತಿ ಸ್ಟೀಲಿನ ತಾಟಿನಲ್ಲಿಟ್ಟೆವು. ಸಂಡಿಗೆಯ ಜೊತೆ ಅದೂ ಒಣಗಿತು. ನೆರಳು ಬಂದಾಗ ಮಾಮಿ ತಾಟು ಸರಿಸುತ್ತಿದ್ದಳು, ಲೆನ್ಸನ್ನು ಮಾತ್ರ ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ಸಂಜೆ ಬಿಳಿ ಕಾಗದದ ಮೇಲಿಟ್ಟು ನೋಡುತ್ತಿದ್ದೆವು. ಮೊದಮೊದಲು ಏನೂ ಇಲ್ಲ. ಆಮೇಲೆ ಒಂದು ಸಂಜೆ ಚಹಾದ ಬಣ್ಣ ನಿಂಬೆ ಶರಬತ್ತಿನದಾಗಿತ್ತು. ರಜೆ ಮುಗಿಯುವ ಹೊತ್ತಿಗೆ ಕಾಗದ ಕಾಗದದಂತೆಯೇ ಕಂಡಿತು.

ಮಾಮಾನನ್ನು ಬಿಳಿ ಧೋತರದಲ್ಲಿ ಅಂಗಳದಲ್ಲಿ ನಿಲ್ಲಿಸಿ, ಕ್ಯಾಮೆರಾದ ತಿದ್ದುಪಡಿ ನಿಲ್ಲಿಸಿಯೇ ತೆಗೆದೆ. ಧೋತರ ಅಚ್ಚ ಬಿಳಿ. ಮಾಮಾ ಬಹಳ ಹೊತ್ತು ನೋಡಿದರು. ಆಮೇಲೆ, ಬಿಸಿಲಿಗೆ ತಂಬಾಕಿನ ಬಣ್ಣ ಹಾರಿ ಹೋಯಿತು ನೋಡು ಎಂದರು. ಮೊಂಡುತನಕ್ಕೂ ಒಂದು ಮಿತಿ ಬೇಡವೇ? ನಾನು ಥೋರಿಯಂ ಪಾಠ ಶುರು ಮಾಡುವಷ್ಟರಲ್ಲಿ ಮಾಮಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಂಡನಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಿಮ್ಮ ಕಣ್ಣಾಗಿಂದೂ ಹಳದಿ ಆಗಿತ್ತಂತ ಡಾಕ್ಟರ್ ಹೇಳಿದ್ರಲ್ಲರಿ. ಅಲ್ಲಿ ನಾ ಯಾವಾಗ ತಂಬಾಕ ಇಟ್ಟಿದ್ದೆ?"

ಮಾಮಾ ಕ್ಯಾಮೆರಾ ಕೆಳಗಿಟ್ಟರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಿಟ್ಟಾದರೆಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾಮಿ ಅಡುಗೆಮನೆಗೆ ಹೋದವಳು ಒಲೆ ಹಚ್ಚದೆ ಕೂತಳು.

ಅವರು ವಾಪಸು ಬಂದಾಗ ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಕಟ್ಟು ಇತ್ತು. ಅದನ್ನು ಮಾಮಿಯ ಮುಂದಿಟ್ಟರು. ಮನೆ ತುಂಬ ತಂಬಾಕಿನ ವಾಸನೆ ಹರಡಿತು.

"ಸೀರಿ ಟ್ರಂಕಿನ್ಯಾಗ ಹಾಕು," ಎಂದರು. "ಲೆನ್ಸೂ ಅಲ್ಲೇ ಇರ್ಲಿ."

ಕತ್ತಲಲ್ಲಿಟ್ಟರೆ ವರ್ಷಗಳ ಮೇಲೆ ಮತ್ತೆ ಹಳದಿಯಾಗುತ್ತದೆ ಎಂದು ಹೇಳಲು ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ. ಬಿಸಿಲೇನು, ಪ್ರತಿ ಬೇಸಿಗೆಗೂ ಬರುತ್ತದೆ. ಮಾಮಿ ಟ್ರಂಕು ತೆರೆದು ಬೇವಿನ ಎಲೆಗಳನ್ನೆಲ್ಲ ಬಳಿದು ತೆಗೆದಳು. ಆಕೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ತೂತು ಬಿದ್ದ ಸೀರೆಯ ಮೇಲೆ ತಂಬಾಕಿನ ಎಲೆ ಹರವಿದಳು. ಆಮೇಲೆ ಲೆನ್ಸನ್ನು ತಾನೇ ಎರಡೂ ಕೈಯಲ್ಲಿ ಎತ್ತಿ ತಂದು ಅದರ ಮೇಲಿಟ್ಟಳು.